ಸಾಯಬಾರದ ನಾಖುದಾ

ಹಡಗಿನ ಯಜಮಾನ, ನಾಖುದಾ ತುವೈನಿ ಸತ್ತು ಮೂರು ದಿನವಾಗಿತ್ತು. ಆದರೆ ಮಸ್ಕತ್ ಸೀಮೆಯ ಸೂರ್ ಪಟ್ಟಣದಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಕಾರಣ, ಒಂದು ಬಾವುಟ.

ತುವೈನಿಯ ಹಾಯಿಹಡಗಿನ ಮೇಲೆ ಫ್ರೆಂಚರ ಮೂರು ಬಣ್ಣದ ಬಾವುಟ ಹಾರುತ್ತಿತ್ತು. ಅದು ಹಾರುವವರೆಗೆ ಇಂಗ್ಲಿಷರ ಯುದ್ಧನೌಕೆ ಆ ಹಡಗನ್ನು ತಡೆದು ತಡಕುವಂತಿಲ್ಲ. ತಡಕಿದ್ದರೆ ಖರ್ಜೂರದ ಚೀಲಗಳ ಕೆಳಗೆ ಬಂದೂಕುಗಳು ಸಿಗುತ್ತಿದ್ದವು. ಮಸ್ಕತ್ತಿನಿಂದ ಮಕ್ರಾನ್ ದಂಡೆಗೆ, ಅಲ್ಲಿಂದ ಒಂಟೆಗಳ ಮೇಲೆ ಆಫ್ಘನ್ ಬೆಟ್ಟಗಳಿಗೆ ಹೋಗುವ ಮಾಲು. ಇದಕ್ಕಾಗಿ ಎರಡು ದೊಡ್ಡ ಸರ್ಕಾರಗಳು ಕಿತ್ತಾಡಿ, ಹೇಗ್ ಎಂಬ ದೂರದ ಊರಿನಲ್ಲಿ ಪಂಚಾಯಿತಿ ಕೂರಿಸಿ ತೀರ್ಪು ತಂದಿದ್ದವು. ಹಳೆಯ ಬಾವುಟಗಳು ಇರಲಿ, ಹೊಸದು ಬೇಡ. ಪಡೆದವನು ಸತ್ತರೆ ಬಾವುಟ ಮಗನಿಗೂ ಇಲ್ಲ, ಅಳಿಯನಿಗೂ ಇಲ್ಲ. ಅಂದಿನಿಂದ ಸೂರಿನ ಬಾವುಟದ ಯಜಮಾನರಿಗೆ ಸಾಯಲು ಪುರುಸೊತ್ತೇ ಇಲ್ಲದಂತಾಗಿತ್ತು.

ಆ ದಿನ ಬೆಳಿಗ್ಗೆ ಕಡಲಂಚಿನಲ್ಲಿ ಹೊಗೆ ಕಂಡಿತು. ಇಂಗ್ಲಿಷ್ ಅಧಿಕಾರಿ ಮತ್ತು ಫ್ರೆಂಚರ ದುಭಾಷಿ ಇಬ್ಬರೂ ಒಂದೇ ನೌಕೆಯಲ್ಲಿ ಬರುತ್ತಿದ್ದರು, ತುವೈನಿ ಬದುಕಿದ್ದಾನೋ ಇಲ್ಲವೋ ನೋಡಲು.

ಸತ್ತವನ ಸೋದರಳಿಯ ಮುಸಬ್ಬಾ ಓಡಿದ್ದು ಖಲ್ಫಾನನ ಬಳಿಗೆ. ಖಲ್ಫಾನ್ ಹಡಗಿನ ಹಲಗೆಗಳ ಸಂದಿಗೆ ಎಣ್ಣೆಯಲ್ಲಿ ಅದ್ದಿದ ಹತ್ತಿ ತುರುಕುವ ಬಡಪಾಯಿ. ಮೈಗೆ ಹತ್ತಿದ ಶಾರ್ಕ್ ಎಣ್ಣೆಯ ನಾತಕ್ಕೆ ಹೆದರಿ ನಲವತ್ತರವರೆಗೆ ಯಾರೂ ಹೆಣ್ಣು ಕೊಟ್ಟಿರಲಿಲ್ಲ. ನಾಲ್ಕು ತಿಂಗಳ ಹಿಂದೆ ರಯ್ಯಾ ಒಪ್ಪಿದ್ದಳು. ಈಗ ದಿನವೂ ಸಂಜೆ ಅವಳು ಅಳಿವೆಯ ಆಚೆ ದಡದಲ್ಲಿ, ಅವರ ಮನೆಯ ಬಳಿಯ ದೋಣಿಕಟ್ಟೆಯಲ್ಲಿ ಅವನಿಗಾಗಿ ಕಾದು ನಿಲ್ಲುತ್ತಿದ್ದಳು. ಅವನಿಗೆ ಜಗತ್ತಿನಲ್ಲಿ ಬೇಕಾಗಿದ್ದದ್ದು ಅದೊಂದೇ.

"ಅದೇ ಗಿಡ್ಡ ಮೈ, ಅದೇ ಕುರುಚಲು ಗಡ್ಡ, ಅದೇ ಜೋಲು ಕಿವಿ," ಎಂದ ಮುಸಬ್ಬಾ. "ಒಂದು ಗಂಟೆ ನಮ್ಮ ಮಾವನಾಗಿ ಕೂತ್ಕೋ ಮಾರಾಯ."

"ಸತ್ತೋರ ಜಾಗದಲ್ಲಿ ಕೂರೋದಾ? ನನ್ನ ಕೈಲಿ ಆಗಲ್ಲಣ್ಣ."

"ಬಾವುಟ ಇಳಿದ್ರೆ ಹಡಗು ನಿಲ್ಲುತ್ತೆ. ಹಡಗು ನಿಂತ್ರೆ ನೀನು ಹತ್ತಿ ಎಲ್ಲಿಗೆ ತುರುಕ್ತೀಯ? ನಿನ್ನ ಬಾಯಿಗಾ?"

ಖಲ್ಫಾನ್ ಕೈಯಲ್ಲಿದ್ದ ಹತ್ತಿ ಕೆಳಗಿಟ್ಟ. ನೆರೆಹೊರೆಯವರೆಲ್ಲ ಸೇರಿ ಅವನನ್ನು ಬೂದಿ ಹಚ್ಚಿ ಪಾತ್ರೆ ತಿಕ್ಕಿದಂತೆ ತಿಕ್ಕಿ ತೊಳೆದರು. ಸತ್ತವನ ನಿಲುವಂಗಿ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಉಂಗುರ ಸಲೀಸಾಗಿ ಬೆರಳಿಗೆ ಇಳಿಯಿತು. ತೆಗೆಯಹೋದರೆ ಮಾತ್ರ ಬರಲಿಲ್ಲ. ಅಂಗಿಯಿಂದ ಕರ್ಪೂರದ ವಾಸನೆ ಬರುತ್ತಿತ್ತು. ಹೆಣ ತೊಳೆಯುವಾಗ ಬಳಸುವ ಕರ್ಪೂರವೇ ಎಂದು ಕೇಳಲು ಅವನಿಗೆ ಧೈರ್ಯ ಬರಲಿಲ್ಲ.

ನಡುಮನೆಯಲ್ಲಿ ತುವೈನಿಯ ಕುರುಡು ತಾಯಿ ಕೂತಿದ್ದಳು. ಮಗ ಸತ್ತದ್ದು ಮುದುಕಿಗೆ ತಿಳಿದಿತ್ತು. ಇಂದಿನ ಆಟವನ್ನು ಯಾರೂ ಹೇಳಿರಲಿಲ್ಲ. ಖಲ್ಫಾನ್ ಪಕ್ಕದಲ್ಲಿ ಕೂರುತ್ತಿದ್ದಂತೆ ಅವಳು ಅವನ ಮುಖದ ಮೇಲೆ ಬೆರಳಾಡಿಸಿದಳು.

"ಬಂದ್ಯಾ ಮಗ? ಎಷ್ಟು ತಣ್ಣಗಿದ್ದೀಯ," ಎಂದಳು. "ಈ ಸಲ ಬಿಡಲ್ಲ ನಿನ್ನ."

ಅವನ ಮಣಿಕಟ್ಟು ಹಿಡಿದುಕೊಂಡಳು. ಎಪ್ಪತ್ತು ದಾಟಿದ ಕೈಗೆ ಅಷ್ಟು ಬಲ ಎಲ್ಲಿಂದ ಬಂತೋ, ಖಲ್ಫಾನನಿಗೆ ಬಿಡಿಸಿಕೊಳ್ಳಲಾಗಲಿಲ್ಲ.

ಮಧ್ಯಾಹ್ನ ಸಾಹೇಬರು ಬಂದರು. ಕಾಫಿ, ಖರ್ಜೂರ ಆಯಿತು. ದುಭಾಷಿ ಹಳೆಯ ಕಡತ ಬಿಚ್ಚಿದ. "ನಾಖುದಾ ಅವರೇ, ನೀವು ಬಾವುಟ ಪಡೆದ ದಿನ ನಮ್ಮ ಫ್ರೆಂಚ್ ಕಾನ್ಸಲ್ ಸಾಹೇಬರ ಮನೆಯ ಬಾಗಿಲಲ್ಲಿ ಏನೋ ಆಯಿತಂತಲ್ಲ?"

ಮುಸಬ್ಬಾನ ಮುಖ ಬಿಳಿಚಿತು. ಇದನ್ನು ಹೇಳಿಕೊಟ್ಟಿರಲಿಲ್ಲ. ಖಲ್ಫಾನ್ ಬಾಯಿ ತೆರೆದ, ಮಾತು ತಾನಾಗಿ ಹೊರಬಂತು. "ಮೆಟ್ಟಿಲ ಮೇಲೆ ಕರಿ ಬೆಕ್ಕು ಮಲಗಿತ್ತು. ಎಡವಿ ಬಿದ್ದು ಕಾಲು ಉಳುಕಿಸ್ಕೊಂಡೆ."

"ಸರಿ, ಹಾಗೇ ಬರೆದಿದೆ," ಎಂದ ದುಭಾಷಿ.

"ಯಾರೋ ಹೇಳಿದ್ದು ನಿಂಗೆ?" ಮುಸಬ್ಬಾ ಕಿವಿಯಲ್ಲಿ ಉಸುರಿದ.

"ನೀನೇ ಅಲ್ವಾ?"

"ನಂಗೇ ಗೊತ್ತಿರ್ಲಿಲ್ಲ ಕಣೋ!"

"ಅವನಿಗಲ್ದೆ ಇನ್ಯಾರಿಗೆ ಗೊತ್ತಿರುತ್ತೆ?" ಎಂದು ಮುದುಕಿ ನಕ್ಕಳು. ಆಮೇಲೆ ಯಾರೂ ಖಲ್ಫಾನನ ಮುಖವನ್ನು ನೆಟ್ಟಗೆ ನೋಡಲಿಲ್ಲ.

ಇಂಗ್ಲಿಷ್ ಅಧಿಕಾರಿ ಅಷ್ಟಕ್ಕೇ ಬಿಡುವವನಲ್ಲ. "ಇವನು ಹತ್ತಿ ತುರುಕುವ ಖಲ್ಫಾನ್ ಎಂದು ನನಗೆ ಸುದ್ದಿ ಬಂದಿದೆ. ಆ ಖಲ್ಫಾನನನ್ನೂ ಕರೆಸಿ, ಇಬ್ಬರನ್ನೂ ಒಟ್ಟಿಗೆ ನೋಡಿ ಹೋಗುತ್ತೇನೆ."

ಮುಸಬ್ಬಾ ತಲೆ ತಗ್ಗಿಸಿ, "ಖಲ್ಫಾನಾ? ಪಾಪ, ಇವತ್ತು ಬೆಳಿಗ್ಗೆ ಹಡಗಿನಿಂದ ಬಿದ್ದು ತೀರಿಕೊಂಡ ಸಾಹೇಬ್ರೆ. ಮಣ್ಣೂ ಮಾಡಿ ಆಯ್ತು," ಎಂದ.

ತಾನು ಸತ್ತ ಸುದ್ದಿಯನ್ನು ಖಲ್ಫಾನ್ ತಾನೇ ತಲೆಯಾಡಿಸುತ್ತ ಕೇಳಬೇಕಾಯಿತು. ಸಾಹೇಬರಿಗೆ ಗೋರಿ ನೋಡಬೇಕಿತ್ತು. ತುವೈನಿಯ ಹೆಸರಿಲ್ಲದ ಹಸಿ ಗೋರಿ ಹೇಗೂ ತಯಾರಿತ್ತು. ಎಲ್ಲರೂ ಅಲ್ಲಿಗೆ ನಡೆಯುವಷ್ಟರಲ್ಲಿ ಮುಸಬ್ಬಾ ಗುಟ್ಟಾಗಿ ಕಳಿಸಿದ ದೋಣಿಯಲ್ಲಿ ರಯ್ಯಾ ಬಂದು ತಲುಪಿದ್ದಳು. ಮಣ್ಣಿನ ಮೇಲೆ ಬಿದ್ದು ಅವಳು ಅತ್ತ ಅಳು ಕೇಳಿ ಅಧಿಕಾರಿ ಟೋಪಿ ತೆಗೆದ.

"ಎಷ್ಟು ಚೆನ್ನಾಗಿ ಅಳ್ತಾಳಣ್ಣ," ಎಂದು ಗಂಡಸರ ಹಿಂದೆ ದೂರದಲ್ಲಿ ನಿಂತಿದ್ದ ಖಲ್ಫಾನ್ ಮುಸಬ್ಬಾನಿಗೆ ಪಿಸುಗುಟ್ಟಿದ. "ಮನೇಲಿ ಒಂದು ಸಣ್ಣ ಸುಳ್ಳು ಹೇಳಕ್ಕೂ ಬರಲ್ಲ ಅವಳಿಗೆ."

"ಅದಕ್ಕೇ ನಾವು ಅವಳಿಗೆ ನಿಜ ಹೇಳಿಲ್ಲ," ಎಂದ ಮುಸಬ್ಬಾ.

ಖಲ್ಫಾನನಿಗೆ ಓಡಿಹೋಗಿ ಅವಳಿಗೆ ಹೇಳಿಬಿಡಬೇಕೆನಿಸಿತು. ಇನ್ನೊಂದು ಗಳಿಗೆ ತಡೆ, ಸಾಹೇಬರು ಹೋಗಲಿ, ಎಂದು ಮುಸಬ್ಬಾ ತೋಳು ಹಿಡಿದ.

ಇಬ್ಬರು ಸಾಹೇಬರೂ ಅಲ್ಲೇ ಕಾಗದಕ್ಕೆ ರುಜು ಹಾಕಿದರು: ಖಲ್ಫಾನ್ ಮೃತ, ತುವೈನಿ ಜೀವಂತ. ಊರವರು ಉಸಿರು ಬಿಟ್ಟರು. ಆಗ ದುಭಾಷಿ ಕಡತದಿಂದ ಇನ್ನೊಂದು ಕಾಗದ ತೆಗೆದ.

"ನಮ್ಮ ಎರಡು ಸರ್ಕಾರಗಳೂ ಕಡೆಗೂ ಒಪ್ಪಂದಕ್ಕೆ ಬಂದಿವೆ. ಈ ನಾಖುದಾ ಬಂದೂಕು ಸಾಗಿಸಿದ್ದಕ್ಕೆ ಸಾಕ್ಷಿ ಇದೆ. ನಮ್ಮ ಬಾವುಟದವನನ್ನು ಇಂಗ್ಲಿಷರು ಮುಟ್ಟುವಂತಿಲ್ಲ, ಹಾಗಾಗಿ ನಾವೇ ನಮ್ಮ ಆಳ್ವಿಕೆಯ ಜಿಬೂತಿಗೆ ಕರೆದೊಯ್ದು ವಿಚಾರಿಸುತ್ತೇವೆ. ಸತ್ತಿದ್ದರೆ ಬಾವುಟ ಇಳಿಸಿಕೊಂಡು ಸುಮ್ಮನೆ ಹೋಗುತ್ತಿದ್ದೆವು."

"ನಾನು ತುವೈನಿ ಅಲ್ಲ ಸಾಹೇಬ್ರೆ! ನಾನು ಖಲ್ಫಾನ್!"

ದುಭಾಷಿ ಊರವರತ್ತ ತಿರುಗಿದ. ಸಾಹೇಬರಿಗೆ ಸುಳ್ಳು ಹೇಳಿದ ತಪ್ಪು ತಮ್ಮ ತಲೆಗೂ ಬರುತ್ತದೆಂದು ಒಬ್ಬೊಬ್ಬರೂ ನೆಲ ನೋಡಿದರು. ಮುಸಬ್ಬಾ ಎಲ್ಲರಿಗಿಂತ ಗಾಢವಾಗಿ ನೋಡಿದ.

ಖಲ್ಫಾನ್ ಕೈ ಕೊಸರಿಕೊಂಡು ಗೋರಿಯ ಕಡೆಗೆ ಓಡಿದ. "ರಯ್ಯಾ! ನಾನು ಕಣೇ, ನಿನ್ನ ಖಲ್ಫಾನ್! ಹೇಳು ಇವರಿಗೆ!"

ರಯ್ಯಾ ತಲೆಯೆತ್ತಿದಳು. ಈಗಷ್ಟೇ ತಬ್ಬಿಕೊಂಡು ಅತ್ತ ಮಣ್ಣು ಕೈಯಲ್ಲಿತ್ತು. ಎದುರಿಗೆ ಸತ್ತವನ ದನಿಯಲ್ಲಿ ಕೂಗುತ್ತ, ಕರ್ಪೂರ ನಾರುತ್ತ ಬರುತ್ತಿದ್ದ ಯಾರೋ. ಅವಳು ಕಿಟಾರನೆ ಕಿರುಚಿ, "ಜಿನ್ನು! ಜಿನ್ನು!" ಎನ್ನುತ್ತ ಆ ಮಣ್ಣನ್ನೇ ಅವನ ಮುಖಕ್ಕೆ ಎರಚಿ ಹೆಂಗಸರ ಹಿಂದೆ ಅಡಗಿದಳು.

"ಛೇ," ಎಂದ ಇಂಗ್ಲಿಷ್ ಅಧಿಕಾರಿ. "ತಪ್ಪಿಸಿಕೊಳ್ಳಲು ಸತ್ತ ಬಡವನ ಹೆಸರು ಹೇಳಿಕೊಳ್ಳುತ್ತಾನಲ್ಲ, ಎಂಥ ಮನುಷ್ಯ!"

ಸಂಜೆಗೆ ದೋಣಿ ಹೊರಟಿತು. ನಾವಿಕರ ನಡುವೆ ಕೂತ ಖಲ್ಫಾನ್ ಒಂದೇ ಸಮನೆ ಅವಳ ಹೆಸರು ಕೂಗುತ್ತಿದ್ದ. ದಂಡೆಯಲ್ಲಿ ರಯ್ಯಾ ಹೆಂಗಸರತ್ತ ತಿರುಗಿ, "ಅವ್ರದೇ ದನಿ ಕಣಮ್ಮ, ಅವ್ರು ಕರೆಯೋ ಹಾಗೇ ಕರೀತಿದೆ," ಎಂದಳು.

"ಸತ್ತೋರು ಕರೆದ್ರೆ ಓಗೊಡಬಾರದು ತಾಯಿ," ಎಂದರು ಹೆಂಗಸರು.

ದನಿ ಪೂರ್ತಿ ಅಡಗುವ ತನಕ ರಯ್ಯಾ ಎರಡೂ ಕೈಯಿಂದ ಬಾಯಿ ಗಟ್ಟಿಯಾಗಿ ಮುಚ್ಚಿಕೊಂಡು ನಿಂತಿದ್ದಳು.