ಆರು ಗಂಟೆಯ ಕರಕರ

ಎಲ್ಲ ರಂಪಕ್ಕೂ ಮೂಲ ಒಂದು ಸದ್ದು. ಬೀದಿಯ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಸಾಕು, ಕಾರಿನ ಅಡಿಯಿಂದ ‘ಕರ್ರ್ರ್’ ಎಂದು ಹೊರಡುತ್ತಿತ್ತು. ತಳ ಹಿಡಿದ ಪಾತ್ರೆಯನ್ನು ಯಾರೋ ಸಿಟ್ಟಿನಲ್ಲಿ ಸೌಟಿನಿಂದ ಕೆರೆದ ಹಾಗೆ. ಕಾರಿನ ಯಜಮಾನ ಕನ್ನಡಕದ ಅಂಗಡಿಯಲ್ಲಿ ಜನರ ಕಣ್ಣು ಪರೀಕ್ಷಿಸುವವನು. ಬೀದಿಯವರು ಅವನನ್ನು ಕರೆಯುತ್ತಿದ್ದದ್ದೇ ‘ಕನ್ನಡಕ’ ಎಂದು. ಕಂಡವರ ಕಣ್ಣಿನ ದೋಷವನ್ನೆಲ್ಲ ಕಂಡುಹಿಡಿಯುವ ಈ ಮಹಾನುಭಾವ ತನ್ನ ಕಿವಿಗೆ ಬಿದ್ದದ್ದನ್ನು ಮಾತ್ರ ಎಂಟು ತಿಂಗಳಿಂದ ಕೇಳಿಸಿಕೊಂಡಿರಲಿಲ್ಲ. ಸದ್ದು ಜೋರಾದರೆ ರೇಡಿಯೊವನ್ನು ಇನ್ನಷ್ಟು ಜೋರು ಮಾಡುತ್ತಿದ್ದ.

ಅವನ ತಲೆಯೊಳಗೆ ಬೇರೆಯೇ ಚಿಂತೆ ಇತ್ತು. ಅಮ್ಮ ಮರೆಯತೊಡಗಿದ್ದಳು. ಮೊದಲು ಬೀಗದ ಕೈ ಮರೆತಳು, ಆಮೇಲೆ ತೀರಿಹೋದ ಗಂಡನ ಹೆಸರು, ಕೊನೆಗೆ ಒಬ್ಬನೇ ಮಗನ ಮುಖ. ಬೆಳಿಗ್ಗೆ ಅವನು ಕಾಫಿ ತಂದುಕೊಟ್ಟರೆ, "ಮೀಟರ್ ನೋಡೋಕೆ ಬಂದ್ರಾ? ಹೊರಗಡೆ ಇದೆ ನೋಡಿ" ಎನ್ನುತ್ತಿದ್ದಳು. ಆದರೆ ಸಂಜೆ ಆರಕ್ಕೆ ಅವನು ಕಾರು ನಿಲ್ಲಿಸಿ ಇಳಿಯುವಷ್ಟರಲ್ಲಿ, ಕರೆಗಂಟೆ ಒತ್ತುವ ಮೊದಲೇ, ಬಾಗಿಲು ತೆರೆದು ನಿಂತಿರುತ್ತಿದ್ದಳು. "ಬಂದ್ಯಾ ಮಗನೇ?" ಎಂದು ಕೆನ್ನೆ ಸವರುತ್ತಿದ್ದಳು. ಹತ್ತು ನಿಮಿಷ, ಹೆಚ್ಚೆಂದರೆ ಹದಿನೈದು. ಆಮೇಲೆ ಅವನು ಮತ್ತೆ ಮೀಟರಿನವನು.

ಆ ಹತ್ತು ನಿಮಿಷ ಇಲ್ಲದಿದ್ದರೆ ಅವನ ದಿನಕ್ಕೆ ಅರ್ಥವೇ ಇರಲಿಲ್ಲ. ರಜೆಯ ದಿನವೂ ಐದೂಮುಕ್ಕಾಲಿಗೆ ಕಾರು ತೆಗೆದು, ಸುಮ್ಮನೆ ಒಂದು ಸುತ್ತು ಹೊಡೆದು, ಆರಕ್ಕೆ ಸರಿಯಾಗಿ ಮನೆಗೆ ಬರುತ್ತಿದ್ದ. "ಹೆಸರು ಮರೀಬಹುದು, ಮುಖ ಮರೀಬಹುದು. ಹೆತ್ತ ಕರುಳು ಮರೆಯತ್ತಾ?" ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದ.

ಅಂಥದೊಂದು ರಜೆಯ ಬೆಳಿಗ್ಗೆ ಮಹಡಿಮನೆಯ ನಿವೃತ್ತ ಹೆಡ್‌ಮಾಸ್ತರರು ಧಡಧಡನೆ ಮೆಟ್ಟಿಲಿಳಿದು ಬಂದರು.

"ಕನ್ನಡಕ, ಇವತ್ತಿಗೆ ಮುಗೀಬೇಕು ನೋಡು. ಆ ಕರಕರ ಕೇಳಿದ್ರೆ ನನ್ನ ಹಲ್ಲೆಲ್ಲ ಜುಂ ಅನ್ನತ್ತೆ. ಉಳಿದಿರೋದೇ ಏಳು. ಸಂಜೆಯೊಳಗೆ ರಿಪೇರಿ ಮಾಡಿಸ್ತೀಯೋ, ಕಾರನ್ನ ಆಚೆ ಬೀದೀಲಿ ನಿಲ್ಲಿಸ್ಕೋತೀಯೋ?"

"ಮಾಡಿಸ್ತೀನಿ ಮೇಷ್ಟ್ರೇ. ಆರು ಗಂಟೆಗೆ ಮಾತ್ರ ನಾನು ಮನೇಲಿರಬೇಕು."

ಎದುರು ಮನೆಯ ನರ್ಸಮ್ಮ ಡ್ಯೂಟಿ ಮುಗಿಸಿ ಬಿಳಿ ಸಮವಸ್ತ್ರದಲ್ಲೇ ಬರುತ್ತಿದ್ದವಳು ಅಲ್ಲೇ ನಿಂತಳು. "ಮೊದ್ಲು ರೋಗ ಯಾವುದು ಅಂತ ಗೊತ್ತಾಗ್ಲಿ. ಗೊತ್ತಿಲ್ದೆ ಗ್ಯಾರೇಜಿಗೆ ಹೋದ್ರೆ ಇಂಜಿನ್ನೇ ಬಿಚ್ಚಿ ಹಾಸಿಬಿಡ್ತಾರೆ." ಹೀಗೆಂದವಳೇ ಚೀಲದಿಂದ ಸ್ಟೆತಸ್ಕೋಪ್ ತೆಗೆದು ಮುಂದಿನ ಚಕ್ರಕ್ಕೆ ಇಟ್ಟಳು. ಬಹಳ ಹೊತ್ತು ಕಣ್ಣು ಮುಚ್ಚಿ ಕೇಳಿ, "ಏನೂ ಇಲ್ಲ" ಎಂದಳು.

"ನಿಂತಿರೋ ಕಾರು ಕಣಮ್ಮ ಅದು. ಓಡಿಸಿದ್ರೆ ತಾನೇ ಸದ್ದು?" ಎಂದರು ಹೆಡ್‌ಮಾಸ್ತರರು. ಶಾಲೆ ಬಿಟ್ಟು ಹದಿನೈದು ವರ್ಷವಾಗಿದ್ದರೂ ಗುಂಪು ಮಾಡುವ ಚಟ ಅವರನ್ನು ಬಿಟ್ಟಿರಲಿಲ್ಲ. ಒಂದೊಂದು ಚಕ್ರಕ್ಕೆ ಒಬ್ಬೊಬ್ಬರನ್ನು ನೇಮಿಸಿದರು. ಮುಂದೆ ತಾವು ಮತ್ತು ನರ್ಸಮ್ಮ; ಹಿಂದೆ ನರ್ಸಮ್ಮನ ಗಂಡ, ಮತ್ತು ಮೂಲೆ ಅಂಗಡಿಯ ದರ್ಜಿ. ಕಾರು ಆಗಾಗ ಬ್ರೇಕ್ ಒತ್ತುತ್ತ ಮೆಲ್ಲಗೆ ಹೋಗಬೇಕು, ನಾಲ್ವರೂ ಬಗ್ಗಿ ಕಿವಿಗೊಟ್ಟು ಪಕ್ಕದಲ್ಲಿ ನಡೆಯಬೇಕು.

ಹೊರಟಿತು ಮೆರವಣಿಗೆ. ತಲೆ ತಗ್ಗಿಸಿದ ನಾಲ್ವರು, ನಡುವೆ ತೆವಳುವ ಕಾರು, ಒಳಗೆ ಅಳುಮೋರೆಯ ಕನ್ನಡಕ. ಎದುರಿಗೆ ಬಂದ ಲಾರಿಯವನು ಬದಿಗೆ ಹಾಕಿ, ಟೋಪಿ ತೆಗೆದು ಎದೆಗಿಟ್ಟುಕೊಂಡ.

"ಯಾರು ಹೋಗಿದ್ದು?" ಎಂದು ಮೆಲುದನಿಯಲ್ಲಿ ಕೇಳಿದ.

"ಇನ್ನೂ ಯಾರು ಅಂತ ಗೊತ್ತಾಗಿಲ್ಲ, ಹುಡುಕ್ತಾ ಇದೀವಿ" ಎಂದರು ಹೆಡ್‌ಮಾಸ್ತರರು. ಲಾರಿಯವನು ಹೆದರಿ ಟೋಪಿ ಹಾಕಿಕೊಂಡು ಹೊರಟೇಹೋದ.

ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ಹೆಡ್‌ಮಾಸ್ತರರ ಒಂದು ಚಪ್ಪಲಿ ಚಕ್ರದಡಿ ಸಿಕ್ಕಿ ಹರಿದಿತ್ತು, ಮತ್ತು ನಾಲ್ವರೂ ತಂತಮ್ಮ ಚಕ್ರವೇ ಅಪರಾಧಿ ಎಂದು ಹಟ ಹಿಡಿದಿದ್ದರು. ದರ್ಜಿ ಮಾತ್ರ ಜಗಳಕ್ಕೆ ಇಳಿಯಲಿಲ್ಲ. ಅಂಗಡಿಗೆ ಓಡಿ ಹೊಲಿಗೆ ಮಿಷನ್ನಿನ ಎಣ್ಣೆ ಡಬ್ಬಿ ತಂದ. "ನಲವತ್ತು ವರ್ಷ ಮಿಷನ್ ತುಳಿದಿದೀನಿ ಸ್ವಾಮಿ. ಕಬ್ಬಿಣ ಕೂಗ್ತು ಅಂದ್ರೆ ಅದಕ್ಕೆ ಎಣ್ಣೆ ಬೇಕು ಅಂತ ಅರ್ಥ." ಯಾರೂ ಬೇಡ ಎನ್ನುವ ಮೊದಲೇ ನಾಲ್ಕು ಚಕ್ರದ ಸಂದಿಗೂ ಚಿಮ್ಮಿಸಿಬಿಟ್ಟ.

ಕಾರು ಮತ್ತೆ ಹೊರಟಿತು. ಬ್ರೇಕ್ ತುಸು ಮುಟ್ಟಿದರೂ ಸದ್ದಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಇಳಿಜಾರಿನಲ್ಲಿ ಕನ್ನಡಕ ಬ್ರೇಕನ್ನು ಬಲವಾಗಿ ಒತ್ತಿದಾಗ ಗೊತ್ತಾಯಿತು, ಸದ್ದಿನ ಜೊತೆಗೆ ಬ್ರೇಕೂ ಹೋಗಿದೆ ಎಂದು. ಹ್ಯಾಂಡ್‌ಬ್ರೇಕ್ ಜಗ್ಗುತ್ತ, ದೇವರನ್ನು ಕರೆಯುತ್ತ, ಕೆಳಗಿನ ಗ್ಯಾರೇಜಿನೊಳಕ್ಕೆ ತಿರುಗಿಸಿದ. ಅಲ್ಲಿ ಪೇರಿಸಿದ್ದ ಹಳೇ ಟೈರುಗಳಿಗೆ ಮುಖ ಕೊಟ್ಟು ಕಾರು ನಿಂತಿತು.

ಮೆಕ್ಯಾನಿಕ್ ಚಕ್ರ ಬಿಚ್ಚಿ ಬೆರಳಿನಿಂದ ಮುಟ್ಟಿ ಮೂಸಿ ನೋಡಿದ. "ಬ್ರೇಕಿಗೆ ಎಣ್ಣೆ ಬಿಟ್ಟಿದ್ದು ಯಾರು?"

"ನಮ್ಮ ದರ್ಜಿ."

"ಹಂಗಾದ್ರೆ ಪ್ಯಾಂಟು ಹೊಲಿಸೋಕೆ ನನ್ನ ಹತ್ರ ಬನ್ನಿ." ಆಮೇಲೆ ಅವನ ದನಿ ಮೆತ್ತಗಾಯಿತು. ಸವೆದ ಬ್ರೇಕ್ ಪ್ಯಾಡನ್ನು ಎತ್ತಿ ತೋರಿಸಿದ. "ನೋಡಿ, ಈ ಮೂಲೇಲಿ ಒಂದು ತೆಳ್ಳಗಿನ ತಗಡಿದೆ. ಪ್ಯಾಡ್ ಸವೆಯೋಕೆ ಬಂದಾಗ ಇದು ಕೀಂಯ್ ಅಂತ ಕೂಗಿ ಎಚ್ಚರಿಸತ್ತೆ. ನೀವು ಕೇಳಿಸ್ಕೊಳ್ಳಲಿಲ್ಲ. ಈಗ ಪ್ಯಾಡೇ ಮುಗಿದು, ಹಿಂದಿನ ಕಬ್ಬಿಣ ಹೋಗಿ ಚಕ್ರದ ಜೊತೆ ತಿರುಗೋ ಡಿಸ್ಕನ್ನ ಕೆರೀತಾ ಇದೆ. ಎಷ್ಟು ದಿನದಿಂದ ಇದೆ ಸದ್ದು?"

"ಎಂಟು ತಿಂಗಳಾಯ್ತು. ಅಮ್ಮಂಗೆ ಮರೆವು ಜಾಸ್ತಿ ಆದಾಗಿನಿಂದ. ಗಮನ ಕೊಡೋಕೆ ಆಗ್ಲಿಲ್ಲ."

ಆಮೇಲೆ ಮೆಕ್ಯಾನಿಕ್ ಬೈಯಲಿಲ್ಲ. ಪ್ಯಾಡ್ ಬದಲಾಯಿಸಬೇಕು, ಡಿಸ್ಕೂ ಹೊಸದು ತರಿಸಬೇಕು, ಎಣ್ಣೆಯನ್ನೆಲ್ಲ ತೊಳೆಯಬೇಕು ಎಂದ. ಮಧ್ಯಾಹ್ನ ಎರಡಾಯಿತು, ಮೂರಾಯಿತು. ಡಿಸ್ಕ್ ಬರಲಿಲ್ಲ. ಬಂದದ್ದು ಬೇರೆ ಕಾರಿನದಾಗಿತ್ತು. ಕನ್ನಡಕ ಹೆರಿಗೆ ಕೋಣೆಯ ಹೊರಗಿನ ಗಂಡನಂತೆ ಅತ್ತಿಂದಿತ್ತ ಸುತ್ತಿದ. "ಆರಕ್ಕೆ ಅಮ್ಮ ಬಾಗಿಲಲ್ಲಿ ನಿಂತಿರ್ತಾಳೆ ಕಣಪ್ಪ. ತಪ್ಪಿದ್ರೆ ಮತ್ತೆ ನಾಳೇನೇ" ಎಂದು ಹತ್ತು ಸಲ ಹೇಳಿದ.

ಐದೂಮುಕ್ಕಾಲಿಗೆ ಕೆಲಸ ಮುಗಿಯಿತು. ಬದಲಾಯಿಸಿದ್ದಕ್ಕೆ ಸಾಕ್ಷಿಯಾಗಿ ಹಳೆಯ ಪ್ಯಾಡುಗಳನ್ನು ಗಿರಾಕಿಯ ಕೈಗೇ ಕೊಡುವುದು ಆ ಗ್ಯಾರೇಜಿನ ಪದ್ಧತಿ. ಮೆಕ್ಯಾನಿಕ್ ಅವನ್ನು ಪತ್ರಿಕೆಯಲ್ಲಿ ಸುತ್ತಿ ಪಕ್ಕದ ಸೀಟಿನಲ್ಲಿಟ್ಟ. "ಇನ್ನು ನಿಮ್ಮ ಕಾರು ಬಂದಿದ್ದು ಬೆಕ್ಕಿಗೂ ಗೊತ್ತಾಗಲ್ಲ, ಹೋಗಿ."

ಆರಕ್ಕೆ ಒಂದು ನಿಮಿಷವಿರುವಾಗ ಅವನು ತಿರುವಿನಲ್ಲಿ ಬ್ರೇಕ್ ಒತ್ತಿದ. ಚಕಾರವಿಲ್ಲ. ಮಹಡಿಯಲ್ಲಿ ಹೆಡ್‌ಮಾಸ್ತರರು ಕುರ್ಚಿಯಲ್ಲಿ ಒರಗಿ ಸುಖವಾಗಿ ನಿದ್ದೆ ಹೋಗಿದ್ದರು. ಅವನು ಗೆದ್ದವನ ಹಾಗೆ ಇಳಿದು ಗೇಟು ದಾಟಿದ.

ಬಾಗಿಲು ಮುಚ್ಚಿತ್ತು.

ಕಾದ. ಗಡಿಯಾರ ನೋಡಿದ. ಆರು ದಾಟಿ ಮೂರು ನಿಮಿಷ. ಎಂಟು ತಿಂಗಳಲ್ಲಿ ಮೊದಲ ಸಲ ಕರೆಗಂಟೆ ಒತ್ತಿದ. ಬಾಗಿಲು ಅರ್ಧ ತೆರೆಯಿತು. ಅಮ್ಮ ಇಣುಕಿದಳು.

"ಮೀಟರ್ ಹೊರಗಡೆ ಇದೆ ನೋಡಿ."

"ಅಮ್ಮಾ, ನಾನಮ್ಮ!"

"ಸ್ವಲ್ಪ ಆ ಕಡೆ ಸರಿದು ನಿಂತ್ಕೊಳ್ಳಪ್ಪ. ನನ್ನ ಮಗ ಬರೋ ಹೊತ್ತು. ಅವನು ಕಾರು ನಿಲ್ಲಿಸ್ಬೇಕು."

ಬಾಗಿಲು ಮುಚ್ಚಿಕೊಂಡಿತು. ಹಗಲೆಲ್ಲ ಅಮ್ಮನ ಜೊತೆಗಿರುವ ಕೆಲಸದಾಕೆ ಕಿಟಕಿಯಿಂದ ಪಿಸುಗುಟ್ಟಿದಳು. "ಇವತ್ತು ಕಾರು ಕೂಗ್ಲೇ ಇಲ್ವಲ್ಲಣ್ಣ? ದಿನಾ ಆ ತಿರುವಲ್ಲಿ ಕರ್ರ್ ಅಂದ ತಕ್ಷಣ, ‘ನನ್ನ ಮಗ ಬಂದ’ ಅಂತ ಎದ್ದು ಓಡ್ತಾರೆ. ಇವತ್ತು ಐದೂವರೆಯಿಂದ ಅದಕ್ಕೇ ಕಿವಿ ಕೊಟ್ಟು ಕೂತಿದಾರೆ. ನಿಮಗೆ ಗೊತ್ತಿರಲಿಲ್ವಾ?"

ಗೊತ್ತಿರಲಿಲ್ಲ. ಅವನು ಮೆಟ್ಟಿಲ ಮೇಲೆ ಕುಸಿದು ಕೂತ. ಊರಿಗೆಲ್ಲ ಸಾರಿದ್ದ ಕರುಳು ಒಂದು ಸವೆದ ಬ್ರೇಕಾಗಿತ್ತು. ಅದನ್ನು ಅವನೇ ತನ್ನ ಕೈಯಾರೆ, ಇಡೀ ದಿನ ಒದ್ದಾಡಿ, ಬಿಚ್ಚಿಸಿ ಬಂದಿದ್ದ. ಎಳೆಯ ಮಗುವಿನ ಹಾಗೆ ಅಳು ಬಂತು. ಒಳಗೆ ಅಮ್ಮ ಕೇಳುತ್ತಿದ್ದಳು, "ಇಷ್ಟೊತ್ತಾದ್ರೂ ಬರಲಿಲ್ವಲ್ಲೇ, ಅವನಿಗೇನಾದ್ರೂ ಆಯ್ತೇನೇ?"

ಆ ಮಾತು ಕೇಳಿ ಕೂತಿರಲಾಗಲಿಲ್ಲ. ಕಾರಿನಿಂದ ಪತ್ರಿಕೆಯ ಪೊಟ್ಟಣ ತಂದು, ಬೋಳಾದ ಪ್ಯಾಡನ್ನು ಗೇಟಿನ ಕಬ್ಬಿಣದ ಪಟ್ಟಿಗೆ ಒತ್ತಿ ಎಳೆದ. ಮೊದಲು ಬರೀ ಟಣ್ ಎಂದಿತು. ಇನ್ನೊಂದು ಬದಿ ತಿರುಗಿಸಿ, ಎರಡೂ ಕೈ ಹಾಕಿ, ಮೈಭಾರವನ್ನೆಲ್ಲ ಬಿಟ್ಟು ಎಳೆದ.

ಕರ್ರ್ರ್ರ್!

ಒಳಗೆ ಕುರ್ಚಿ ಸರಿದ ಸದ್ದಾಯಿತು. ಬಾಗಿಲು ಪೂರ್ತಿ ತೆರೆಯಿತು.

"ಬಂದ್ಯಾ ಮಗನೇ? ಎಷ್ಟು ತಡ ಮಾಡ್ದ್ಯೋ!" ಅಮ್ಮನ ಕೈ ಅವನ ಒದ್ದೆ ಕೆನ್ನೆಯ ಮೇಲಿತ್ತು.

ಮೇಲಿನ ಕಿಟಕಿ ಧಡಾರನೆ ತೆರೆದುಕೊಂಡಿತು. ಹೆಡ್‌ಮಾಸ್ತರರು ದವಡೆ ಹಿಡಿದುಕೊಂಡು ಕೂಗಿದರು. "ಕನ್ನಡಕ! ಇನ್ನೂ ರಿಪೇರಿ ಆಗ್ಲಿಲ್ವೇನಯ್ಯಾ ಅದು?"

ಅವನು ಪ್ಯಾಡನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ.

"ಇಲ್ಲ ಮೇಷ್ಟ್ರೇ. ನಾಳೆ ಆರಕ್ಕೂ ಇರತ್ತೆ."