ಗುಡ್ಡದ ಮೇಲೆ ಐದು ಕಾಟಿ

ಪ್ರಕೃತಿ ನೋಡಲಿಕ್ಕೆ ಹೊರಟವರ ಜೊತೆ ಹೋದಾಗಲೆಲ್ಲ ನನಗೆ ಒಂದಲ್ಲ ಒಂದು ಗ್ರಹಚಾರ ವಕ್ಕರಿಸಿಯೇ ವಕ್ಕರಿಸುತ್ತದೆ. ಒಂದೇ ದಿನದಲ್ಲಿ ಮೂರು ವಕ್ಕರಿಸಿದ ಕಥೆ ಕೇಳಿ.

ನಲವತ್ತರ ದಶಕ. ನಾನು ಪೊಸಡಿಗುಂಪೆ ಗುಡ್ಡದಿಂದ ಎರಡು ಮೈಲಿ ಈಚೆಗಿನ ಶಾಲೆಯಲ್ಲಿ ಹಂಗಾಮಿ ಮಾಷ್ಟ್ರು. ಹಂಗಾಮಿ ಅಂದರೆ ಯಾವತ್ತು ಬೇಕಾದರೂ ಮನೆಗೆ ಕಳಿಸಬಹುದಾದವ. ಕಾಯಂ ಮಾಡುವುದು ಮಂಗಳೂರಿನಿಂದ ಬರುವ ಇನ್‌ಸ್ಪೆಕ್ಟರರ ಕೈಯಲ್ಲಿತ್ತು. ಅವರಿಗೋ ಶಾಲೆಗಿಂತ ಕಾಡುಪ್ರಾಣಿಗಳ ಮೇಲೆ ಹೆಚ್ಚು ಪ್ರೀತಿ. ಹಿಂದಿನ ವರ್ಷ ಅವರನ್ನು ಖುಷಿಪಡಿಸಲು, "ನಮ್ಮ ಗುಡ್ಡದಲ್ಲಿ ಕಾಟಿ ಉಂಟು ಸಾರ್" ಎಂದುಬಿಟ್ಟಿದ್ದೆ. ಕಾಟಿ ಅಂದರೆ ಕಾಡುಕೋಣ. ನಮ್ಮ ಗುಡ್ಡದಲ್ಲಿ ಮೊಲ ಕಂಡರೂ ಊರಿಗೆಲ್ಲ ಸುದ್ದಿ!

ಈ ಸಲ ಅವರು ಹೇಳದೆ ಕೇಳದೆ ಬಂದಿಳಿದರು. ಹೆಡ್ಮಾಷ್ಟ್ರು, "ವಿಪರೀತ ಜ್ವರ, ಏಳಲಿಕ್ಕೆ ಆಗುವುದಿಲ್ಲ" ಎಂದು ಚೀಟಿ ಕಳಿಸಿ ರಜೆ ಹಾಕಿದ್ದರು. ಸಿಕ್ಕಿಬಿದ್ದವ ನಾನು.

"ಮೊದಲು ಕಾಟಿ ತೋರಿಸಿ ಮಾಷ್ಟ್ರೇ, ಕಾಯಂ ಮಾಡುವ ವಿಷಯ ಆಮೇಲೆ ನೋಡುವ" ಎಂದರು ಇನ್‌ಸ್ಪೆಕ್ಟರರು.

ಎತ್ತಿನ ಅಭ್ಯಾಸ

ಎತ್ತಿನಗಾಡಿಯಲ್ಲಿ ಹೊರಟೆವು. ಬೆಳಿಗ್ಗೆಯಷ್ಟೇ ಇನ್‌ಸ್ಪೆಕ್ಟರರು ಮಕ್ಕಳಿಗೆ ಕುಡಿತದ ಕೆಡುಕಿನ ಬಗ್ಗೆ ಒಂದು ಗಂಟೆ ಭಾಷಣ ಬಿಗಿದಿದ್ದರು. ಅರ್ಧ ಮೈಲಿ ಹೋದದ್ದೇ ತಡ, ಎತ್ತುಗಳು ಕಳ್ಳಿನ ಗಡಂಗಿನ ಎದುರು ತಾವಾಗಿ ನಿಂತವು. ಬಾರುಕೋಲು ಬೀಸಿದರೂ ಇಲ್ಲ, ಬಾಲ ತಿರುಪಿದರೂ ಇಲ್ಲ.

"ನೀನು ಕುಡಿಯುತ್ತೀಯಾ?" ಇನ್‌ಸ್ಪೆಕ್ಟರರು ಗಾಡಿಯವನನ್ನು ಗದರಿದರು.

"ಛೆ ಛೆ, ಇಲ್ಲ ಸ್ವಾಮೀ! ನನ್ನ ಗಾಡಿಯಲ್ಲಿ ಬರುವವರು ಎಲ್ಲರೂ ಇಲ್ಲಿ ಇಳಿಯುತ್ತಾರೆ. ನೀವು ಒಮ್ಮೆ ಒಳಗೆ ಹೋಗಿ ಬನ್ನಿ, ಆಗ ಎತ್ತು ಹೊರಡುತ್ತದೆ."

ಕಾಟಿಯ ಆಸೆ ದೊಡ್ಡದು. ಇನ್‌ಸ್ಪೆಕ್ಟರರು ಮುಖಕ್ಕೆ ಶಾಲು ಮುಚ್ಚಿಕೊಂಡು ಒಳಗೆ ಹೋಗಿ ಬಂದರು. ಎತ್ತುಗಳು ಹೊರಟವು.

ದುರ್ಬೀನು

ಗುಡ್ಡ ಹತ್ತಿರ ಬಂತು. ಇನ್‌ಸ್ಪೆಕ್ಟರರು ಪ್ರೀತಿಯಿಂದ ತಮ್ಮ ದುರ್ಬೀನನ್ನು ಗಾಡಿಯವನ ಕೈಗೆ ಕೊಟ್ಟರು. ಅವ ಅದನ್ನು ತಿರುಗಾಮುರುಗಾ ಹಿಡಿದು ತುಂಬ ಹೊತ್ತು ನೋಡಿದ. ಆಮೇಲೆ ಇಳಿದು ಎತ್ತುಗಳ ನೊಗ ಬಿಚ್ಚಿದ.

"ಎಂತ ಮಾರಾಯ, ಎಂತಾಯಿತು?" ಎಂದೆ.

"ಗುಡ್ಡ ಇಲ್ಲೇ ಉಂಟು ಅಂತ ಹೇಳಿ ಕರಕೊಂಡು ಬಂದಿರಿ ಮಾಷ್ಟ್ರೇ. ಇದರಲ್ಲಿ ನೋಡಿದರೆ ಇನ್ನೂ ಹತ್ತು ಮೈಲಿ ಉಂಟು. ನನ್ನ ಎತ್ತು ಅಷ್ಟು ದೂರ ಬರುವುದಿಲ್ಲ!"

ಉಳಿದ ದಾರಿ ನಡೆದೇ ಹೋದೆವು.

ಕಾಟಿ

ಗುಡ್ಡದ ನೆತ್ತಿ ಪೂರಾ ಹುಲ್ಲುಗಾವಲು. ಜಿರಿಜಿರಿ ಮಳೆ, ಹತ್ತು ಮಾರು ಆಚೆ ಕಾಣದ ಮಂಜು. ನಾನು ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಅಷ್ಟರಲ್ಲಿ ಇನ್‌ಸ್ಪೆಕ್ಟರರು ನನ್ನ ತೋಳು ಹಿಡಿದರು.

"ಶ್! ಕಾಟಿ! ಒಂದಲ್ಲ, ಐದು!"

ನೋಡಿದೆ. ಮಂಜಿನಲ್ಲಿ ಐದು ಕಪ್ಪು ಬೆನ್ನು, ಬಗ್ಗಿಕೊಂಡು ನಿಧಾನ ಮೇಯುತ್ತಿವೆ. ನನಗೆ ಒಮ್ಮೆಗೇ ಅರ್ಥವಾಯಿತು. ಮಳೆಗೆ ತಲೆಯಿಂದ ಸೊಂಟದವರೆಗೆ ಓಲೆಯ ಗೊರಬು ಹಾಕಿ ದನಕ್ಕೆ ಹುಲ್ಲು ಕೊಯ್ಯುವವರು! ಅಯ್ಯೋ, ಬಾಯಿ ತೆರೆದರೆ ನನ್ನ ಕೆಲಸ ಹೋಯಿತು.

ಇನ್‌ಸ್ಪೆಕ್ಟರರು ದುರ್ಬೀನಿನ ಗಾಜು ಒರೆಸಲು ತಲೆ ತಗ್ಗಿಸಿದ್ದೇ, ದೊಡ್ಡ ಕಾಟಿ ನೆಟ್ಟಗೆ ಎದ್ದು ನಿಂತು ಸೊಂಟ ನೀವಿಕೊಂಡಿತು. ನೋಡಿದರೆ ನಮ್ಮ ಹೆಡ್ಮಾಷ್ಟ್ರು! ಜ್ವರ ಬಂದು ಏಳಲಿಕ್ಕೆ ಆಗದವರು! ಅವರೂ ನಮ್ಮನ್ನು ಕಂಡರು. ಕಂಡವರೇ ದೊಪ್ಪನೆ ಬಗ್ಗಿ, ತಮ್ಮ ಡೊಳ್ಳುಹೊಟ್ಟೆಯನ್ನು ಹುಲ್ಲಿಗೆ ಉಜ್ಜುತ್ತಾ, ನಾಲ್ಕು ಕಾಲಿನಲ್ಲಿ ಗುಡ್ಡ ಇಳಿಯತೊಡಗಿದರು.

"ಆಹಾ, ಎಂಥ ಗಾಂಭೀರ್ಯ!" ಎಂದು ಇನ್‌ಸ್ಪೆಕ್ಟರರು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡರು, ನನಗೆ ಓದಿಯೂ ಹೇಳಿದರು. ಶಾಲೆಗೆ ಮರಳಿದವರೇ ನನ್ನನ್ನು ಕಾಯಂ ಮಾಡಲು ಶಿಫಾರಸು ಬರೆದು ಸಹಿ ಹಾಕಿದರು.

ಮರುದಿನ ಹೆಡ್ಮಾಷ್ಟ್ರು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು ಹಾಜರಾದರು. ನನ್ನನ್ನು ಮೂಲೆಗೆ ಕರೆದು, "ಮಾರಾಯ, ಸಾಹೇಬರು ನನ್ನ ಬಗ್ಗೆ ಎಂತಾದರೂ ಬರೆದಿದ್ದಾರಾ?" ಎಂದು ಕೇಳಿದರು.

"ಬರೆದಿದ್ದಾರೆ ಸಾರ್" ಎಂದೆ. "ಐದರಲ್ಲಿ ದೊಡ್ಡದು ಹೆಣ್ಣಂತೆ. ತುಂಬಿದ ಗಬ್ಬವಂತೆ."