ತಳ ಸಾಹೇಬರು ಟೀಗೆ ಹೋದದ್ದು

"ಅವರ ಮನೆಯ ಒಂದೇ ಒಂದು ಕಪ್ ತೋರಿಸಿ ಸಾಕು, ಮೂರು ತಲೆಮಾರಿನ ಚರಿತ್ರೆ ಬಿಚ್ಚಿಡ್ತೀನಿ" ಎಂದು ತಳ ಸಾಹೇಬರು ಕನ್ನಡಿಯ ಮುಂದೆ ನಿಂತು ಕಾಲರ್ ಸರಿಮಾಡಿಕೊಳ್ಳುತ್ತಾ ಘೋಷಿಸಿದರು.

ಅವತ್ತು ಭಾನುವಾರ. ಮಗಳು ಮೆಚ್ಚಿದ ಹುಡುಗನ ಮನೆಗೆ ಸಂಜೆ ಟೀಗೆ ಹೋಗುವುದಿತ್ತು. ಮದುವೆಗೆ ಹೂಂ ಅನ್ನಬೇಕೋ ಊಹೂಂ ಅನ್ನಬೇಕೋ ಎಂಬುದನ್ನು ಅಲ್ಲಿ ಕೂತು ನೋಡಿ ತೀರ್ಮಾನಿಸುವುದಾಗಿ ಸಾಹೇಬರು ತಿಂಗಳಿಂದ ಹೇಳುತ್ತಿದ್ದರು. ತೀರ್ಮಾನ ಮಾಡುವವರು ತಾವೇ ಎಂದು ಅವರು ನಂಬಿದ್ದರು. ಮನೆಯ ಉಳಿದಿಬ್ಬರು ಆ ನಂಬಿಕೆಯ ತಂಟೆಗೆ ಹೋಗಿರಲಿಲ್ಲ.

ಈ 'ತಳ ಸಾಹೇಬರು' ಎಂಬ ಬಿರುದು ಕಚೇರಿಯವರು ಕೊಟ್ಟದ್ದು. ಸಾಹೇಬರು ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರು. ಇಪ್ಪತ್ತಾರು ವರ್ಷದಿಂದ ಅಂಗಡಿ ಅಂಗಡಿಗೆ ಹೋಗಿ, ತಕ್ಕಡಿಯ ಪಕ್ಕದ ತೂಕದ ಕಲ್ಲನ್ನು ಎತ್ತಿ, ಬೋರಲು ಮಾಡಿ, ತಳದಲ್ಲಿ ಸರ್ಕಾರಿ ಮುದ್ರೆ ಇದೆಯೋ ಇಲ್ಲವೋ ಎಂದು ನೋಡುವುದೇ ಅವರ ಕೆಲಸ. ಮುದ್ರೆ ಇದ್ದರೆ ಸಾಚಾ, ಇಲ್ಲದಿದ್ದರೆ ಖೋಟಾ. ಲೋಕವನ್ನು ಇಷ್ಟು ಸುಲಭವಾಗಿ ಎರಡು ಪಾಲು ಮಾಡಿದ ಮನುಷ್ಯನಿಗೆ ಎಷ್ಟು ನೆಮ್ಮದಿ ಇರುತ್ತದೆ ಎಂಬುದನ್ನು ನೀವೇ ಊಹಿಸಿಕೊಳ್ಳಿ.

ಇಂಥವರಿಗೆ ಹದಿನೆಂಟು ವರ್ಷದ ಹಿಂದೆ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಒಂದು ಪಿಂಗಾಣಿ ತಟ್ಟೆ ಸಿಕ್ಕಿತು. ಅಭ್ಯಾಸಬಲದಿಂದ ತಿರುಗಿಸಿ ನೋಡಿದರು. ತಳದಲ್ಲಿ ನೀಲಿ ಬಣ್ಣದ ಪುಟ್ಟ ಗುರುತು! ಮುಗಿಯಿತು, ಸಾಹೇಬರು ಅಲ್ಲೇ ಜಾರಿಬಿದ್ದರು. ಅಂದಿನಿಂದ ಯುರೋಪಿನ ಹಳೇ ಪಿಂಗಾಣಿ, ಗಾಜು ಎಂದರೆ ಊಟ ನಿದ್ದೆ ಬೇಡ. ಡೆಲ್ಫ್ಟ್‌ನ ನೀಲಿ ತಟ್ಟೆ, ಬೊಹೀಮಿಯಾದ ಕೆಂಪು ಗಾಜಿನ ಹೂದಾನಿ, ಎಲ್ಲಕ್ಕೂ ಕಿರೀಟವಿಟ್ಟಂತೆ ಜರ್ಮನಿಯ ಆರು ಕಪ್, ಆರು ಸಾಸರ್. ಅವುಗಳ ತಳದಲ್ಲಿ ಎರಡು ನೀಲಿ ಕತ್ತಿ ಅಡ್ಡಡ್ಡ. ಗಾಜಿನ ವಸ್ತುಗಳಿಗೆ ಇಂಥ ಮುದ್ರೆ ಸಾಮಾನ್ಯವಾಗಿ ಇರುವುದಿಲ್ಲವಾದ್ದರಿಂದ ಸಾಹೇಬರಿಗೆ ಅವುಗಳ ಮೇಲೆ ಸ್ವಲ್ಪ ಅನುಮಾನವೇ. ಗಾಜು ಊದುವವನು ಕಬ್ಬಿಣದ ಸರಳಿನಿಂದ ಮುರಿದು ಬೇರೆ ಮಾಡಿದಾಗ ತಳದಲ್ಲಿ ಉಳಿದ ಗಾಯದ ಗುರುತನ್ನು ಹೆಬ್ಬೆರಳಿನಿಂದ ಸವರಿ ಸಮಾಧಾನ ಮಾಡಿಕೊಳ್ಳುತ್ತಿದ್ದರು.

ನಡುಮನೆಯ ಗಾಜಿನ ಬೀರುವಿನಲ್ಲಿ ಇವೆಲ್ಲ ಸಾಲಾಗಿ ಬೋರಲು ಮಲಗಿದ್ದವು. ಹೌದು, ಬೋರಲು. ಮುದ್ರೆ ಕಾಣಬೇಕಲ್ಲ? ಮನೆಗೆ ಬಂದ ನೆಂಟರು "ಓ, ತೊಳೆದು ಒಣಗೋಕೆ ಹಾಕಿದೀರಾ?" ಎಂದು ಕೇಳಿದರೆ ಸಾಹೇಬರು ಮುಖ ಸಿಂಡರಿಸುತ್ತಿದ್ದರು. ಅವುಗಳ ಧೂಳು ಒರೆಸುವ ಭಾಗ್ಯ ಮಾತ್ರ ಹೆಂಡತಿಯದು.

ಮನುಷ್ಯರನ್ನು ಅಳೆಯುವುದಕ್ಕೂ ಅವರಿಗೆ ಇದೇ ಅಳತೆಗೋಲು. ಮಗಳ ಸ್ನೇಹಿತೆಯ ಮನೆಯಲ್ಲಿ ಪ್ಲಾಸ್ಟಿಕ್ ಲೋಟದಲ್ಲಿ ಶರಬತ್ತು ಕೊಟ್ಟರೆಂದು ಮತ್ತೆ ಆ ಬೀದಿಗೇ ಹೋಗಿರಲಿಲ್ಲ. ಮೇಲಧಿಕಾರಿಯ ಮನೆಯಲ್ಲಂತೂ ಟೀ ತುಂಬಿದ ಕಪ್ಪನ್ನೇ ತಳ ನೋಡಲು ತಿರುಗಿಸಿ, ಅವರ ಬಿಳಿ ಪ್ಯಾಂಟಿಗೆ ಟೀ ಅಭಿಷೇಕ ಮಾಡಿ ಬಂದಿದ್ದರು. "ಗುರುತು ಮಾತ್ರ ಅಸಲಿ ಕಣೇ" ಎಂದು ದಾರಿಯುದ್ದಕ್ಕೂ ಸಂತೋಷಪಟ್ಟಿದ್ದರು.

ಆದ್ದರಿಂದಲೇ ಮಗಳು ಹೊರಡುವ ಮುಂಚೆ ಬಾಗಿಲಿಗೆ ಅಡ್ಡ ನಿಂತಳು. ಆಸ್ಪತ್ರೆಯಲ್ಲಿ ಮುರಿದ ಕೈಕಾಲುಗಳಿಗೆ ವ್ಯಾಯಾಮ ಮಾಡಿಸುವವಳು ಅವಳು. ದನಿ ಏರಿಸದೆ ಜನರನ್ನು ಬಗ್ಗಿಸುವುದು ಗೊತ್ತು.

"ಅಪ್ಪಾ, ಒಂದು ಮಾತು ಕೊಡಿ. ಆ ಮನೇಲಿ ಏನನ್ನೂ ತಿರುಗಿಸಿ ನೋಡಬಾರದು."

"ಚಮಚ?"

"ಚಮಚಾನೂ ಇಲ್ಲ."

"ಹೋಗಲಿ ಬಿಡು. ತಿರುಗಿಸದೇನೇ ಹೇಳ್ತೀನಿ. ನನ್ನ ಕಣ್ಣಿಗೆ ಮುದ್ರೆ ಯಾಕೆ ಬೇಕು?" ಎಂದರು ಸಾಹೇಬರು. ಹೊರಡುವಾಗ, ಮೂರು ದಿನದ ಹಿಂದೆ ಬೀರುವಿನ ಮೇಲೆ ಹೆಂಡತಿ ಹೊದಿಸಿದ್ದ ಬೆಡ್‌ಶೀಟಿನ ಕಡೆ ಕಣ್ಣು ಹಾಯಿಸಿದರು.

"ಗಾಜು ಒರೆಸಿದೀನಿ, ಧೂಳು ಕೂರಬಾರದು ಅಂತ ಮುಚ್ಚಿದೀನಿ. ನಾಳೆವರೆಗೆ ಮುಟ್ಟಬೇಡಿ" ಎಂದಳು ಹೆಂಡತಿ. ಹೆಂಡತಿಗೂ ಕೊನೆಗೆ ಕಲೆಯ ಬೆಲೆ ಗೊತ್ತಾಯಿತಲ್ಲ ಎಂದು ಸಾಹೇಬರ ಎದೆ ಉಬ್ಬಿತು.

ಹುಡುಗ ಮಗಳ ಆಸ್ಪತ್ರೆಯಲ್ಲೇ ಎಕ್ಸ್‌ರೇ ತೆಗೆಯುವವನು. ಅವನ ಅಪ್ಪ ಬಸ್ ಡ್ರೈವರ್. ಅಮ್ಮ ಮನೆಯ ಮುಂದಿನ ಕೋಣೆಯಲ್ಲೇ ಟೈಲರಿಂಗ್ ಅಂಗಡಿ ಇಟ್ಟವರು. ಹೊಲಿಗೆ ಮಿಷನ್ನನ್ನು ಗೋಡೆಗೆ ಒತ್ತರಿಸಿ, ಅರ್ಧ ಹೊಲಿದ ಬಟ್ಟೆಗಳನ್ನು ಬುಟ್ಟಿಯಲ್ಲಿ ತುರುಕಿ ಜಾಗ ಮಾಡಿದ್ದರು. ಸೋಫಾದ ಮುಂದೆ ಗಾಜಿನ ಟೀಪಾಯಿ, ಅದರ ಮೇಲೆ ದಪ್ಪನೆಯ ಬಟ್ಟೆ. ಟೈಲರಮ್ಮ "ಬಾರಕ್ಕಾ" ಎಂದು ಸಾಹೇಬರ ಹೆಂಡತಿಯ ಕೈ ಹಿಡಿದು ಕೂರಿಸಿಕೊಂಡರು. ಮೊದಲ ಭೇಟಿಗೆ ಇಷ್ಟು ಸಲಿಗೆ ಯಾಕೋ ಎಂದು ಬೇರೆ ಯಾರಾದರೂ ಯೋಚಿಸುತ್ತಿದ್ದರು. ಸಾಹೇಬರು ಒಳಗಿಂದ ಬರಲಿರುವ ಟ್ರೇಯನ್ನು ಕಾಯುತ್ತಿದ್ದರು.

ಟ್ರೇ ಬಂತು. ಹುಡುಗನೇ ಹಿಡಿದಿದ್ದ, ಬಾಂಬು ಹಿಡಿದವನ ಹಾಗೆ ಉಸಿರು ಕಟ್ಟಿಕೊಂಡು. ಅದರಲ್ಲಿ ಆರು ಕಪ್, ಆರು ಸಾಸರ್. ಹಾಲುಬಿಳುಪು, ನೀಲಿ ಹೂಬಳ್ಳಿ, ಚಿನ್ನದ ಅಂಚು.

ಸಾಹೇಬರು ಸೋಫಾದ ಅಂಚಿಗೆ ಸರಿದರು. ಡ್ರೈವರ್ ಮನೆಯಲ್ಲಿ ಇದು? ಬೆರಳುಗಳು ತಾವಾಗಿಯೇ ಸಾಸರಿನ ಅಂಚಿಗೆ ಹೋದವು. ಮಗಳು ಕೆಮ್ಮಿದಳು. ಬೆರಳುಗಳು ವಾಪಸ್ ಮಂಡಿಗೆ ಬಂದವು.

"ಚೆನ್ನಾಗಿದೆ" ಎಂದರು ಸಾಹೇಬರು, ಟೀ ಕುಡಿಯದೆಯೇ. "ಒಳ್ಳೇ ನಕಲು."

"ನಕಲಾ ಅಣ್ಣಾ?" ಎಂದು ಟೈಲರಮ್ಮ ಮೆಲ್ಲಗೆ ಕೇಳಿದರು.

"ಬೇಜಾರು ಮಾಡ್ಕೋಬೇಡಿ, ಇದರ ಅಸಲಿ ನಮ್ಮನೇಲಿದೆ, ಅದಕ್ಕೇ ಗೊತ್ತಾಗತ್ತೆ. ಆ ನೀಲಿಯ ಗಾಂಭೀರ್ಯವೇ ಬೇರೆ. ಇದು ನೋಡಿ, ಬಟ್ಟೆಗೆ ಹಾಕೋ ನೀಲಿ ಥರ ಇದೆ. ಚಿನ್ನದ ಗೆರೆ ಎಳೆದವನ ಕೈ ನಡುಗಿದೆ. ಹ್ಯಾಂಡಲ್ ಅಂತೂ, ಪಾಪ, ಯಾರೋ ಹೊಸಬ ಮಾಡಿರಬೇಕು."

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹುಡುಗ ಕಿಟಕಿಯ ಕಡೆ ತಿರುಗಿದ. ಅವನ ಭುಜ ಕುಲುಕುತ್ತಿತ್ತು. ಪಾಪ, ಅವಮಾನದಿಂದ ಅಳುತ್ತಿದ್ದಾನೆ ಎಂದುಕೊಂಡ ಸಾಹೇಬರು ದೊಡ್ಡ ಮನಸ್ಸು ಮಾಡಿ ಟೀಯನ್ನು ಹೊಗಳಿದರು.

ಆದರೆ ಒಳಗೊಂದು ಹುಳ ಕೊರೆಯತೊಡಗಿತ್ತು. ಒಂದು ವೇಳೆ ಅಸಲಿಯೇ ಆಗಿದ್ದರೆ? ನಕಲೆಂದು ಬಾಯಿಬಿಟ್ಟಾಗಿದೆ. ನಾಳೆ ಯಾರಾದರೂ ತಿಳಿದವರು ಬಂದು ತಿರುಗಿಸಿ ನೋಡಿ ನಕ್ಕರೆ? ಹದಿನೆಂಟು ವರ್ಷದ ಕೀರ್ತಿ ಬೀಗರ ಮನೆಯಲ್ಲೇ ಮಣ್ಣುಪಾಲು. ತಿರುಗಿಸುವುದಿಲ್ಲವೆಂದು ಮಾತು ಕೊಟ್ಟಿದ್ದಾರೆ, ಸರಿ. ಕೆಳಗಿನಿಂದ ನೋಡುವುದಿಲ್ಲವೆಂದು ಎಲ್ಲಿ ಹೇಳಿದ್ದಾರೆ?

ಟೀಪಾಯಿಯ ಬಟ್ಟೆ ಅಂಚಿಗಿಂತ ಒಂದು ಗೇಣು ಮೊದಲೇ ಮುಗಿದಿತ್ತು. ಅಲ್ಲಿಂದಾಚೆ ಬರೀ ಗಾಜು. ಕಪ್ಪನ್ನು ಸಾಸರಿನಿಂದ ಇಳಿಸಿ ಆ ಗಾಜಿನ ಮೇಲಿಟ್ಟು ಕೆಳಗಿನಿಂದ ನೋಡಿದರೆ ತಳ ಅಂಗೈ ಮೇಲಿನ ನೆಲ್ಲಿಕಾಯಿ. ಮಹಾ ದಂಡಯಾತ್ರೆ ಶುರುವಾಯಿತು. ಡ್ರೈವರಪ್ಪ ಬಸ್ಸಿನ ಬ್ರೇಕಿನ ಕಥೆ ಹೇಳುತ್ತಿದ್ದರು. ಸಾಹೇಬರು "ಹೌದಾ" ಎಂದು ಕಪ್ಪನ್ನು ಒಂದಿಂಚು ಸರಿಸಿದರು. ಇಳಿಜಾರಿನಲ್ಲಿ ಬಸ್ಸು ನಿಲ್ಲದೇ ಹೋಯಿತು. "ಅಯ್ಯಯ್ಯೋ" ಎಂದು ಇನ್ನೊಂದಿಂಚು. ಬಸ್ಸು ಹೇಗೋ ನಿಂತಿತು. ಕಪ್ ಗಾಜಿಗೆ ತಲುಪಿತು. ಸಾಹೇಬರ ಕರ್ಚೀಫು ಕೆಳಗೆ ಬಿತ್ತು.

ಬಗ್ಗಿದರು. ಹೊಟ್ಟೆ ಅಡ್ಡ ಬಂತು. ಮಂಡಿಯೂರಿದರು. ತಲೆಯನ್ನು ಟೀಪಾಯಿಯ ಕೆಳಗೆ ತೂರಿಸಿ ಕತ್ತು ಮೇಲೆತ್ತಿದರು. ಕಪ್ಪಿನ ನೆರಳು ಕಂಡಿತು, ಏನೋ ನೀಲಿ ಕಂಡಿತು, ಆದರೆ ಕನ್ನಡಕ ಹಣೆಗೆ ಜಾರಿತ್ತು. ಅದನ್ನು ಸರಿಮಾಡಿಕೊಳ್ಳುವಷ್ಟರಲ್ಲಿ ಕಣ್ಣಿಗೆ ಜಗ್ಗನೆ ಬೆಳಕು ಬಿತ್ತು. ಎದುರುಗಡೆಯಿಂದ ಡ್ರೈವರಪ್ಪನೂ ಮಂಡಿಯೂರಿ, ಟಾರ್ಚ್ ಹಾಕಿಕೊಂಡು ಒಳಗೆ ಬಂದಿದ್ದರು.

"ಏನು ಹುಡುಕ್ತಿದೀರಿ ಸರ್?"

"ಕರ್ಚೀಫು."

"ಕೈಯಲ್ಲೇ ಇದೆಯಲ್ಲ ಸರ್."

ಸಾಹೇಬರು ಗಾಬರಿಯಲ್ಲಿ ತಲೆ ಎತ್ತಿದರು. ಟೀಪಾಯಿ ಹಾರಿತು. ಉಳಿದವರ ಕಪ್ಪುಗಳು ಅವರವರ ಕೈಯಲ್ಲಿದ್ದವು; ಸಾಹೇಬರದು ನೆಲಕ್ಕೆ ಬಿದ್ದು ಚೂರಾಯಿತು. ಸಾಸರ್ ಮಾತ್ರ ಬಟ್ಟೆಬುಟ್ಟಿಯಲ್ಲಿ ಬಿದ್ದು ಬದುಕಿಕೊಂಡಿತು.

ಟೈಲರಮ್ಮ ತಲೆಯ ಮೇಲೆ ಕೈಹೊತ್ತು ಕೂತುಬಿಟ್ಟರು. ಅವರ ಕಣ್ಣಲ್ಲಿ ನೀರು ಕಂಡು ಸಾಹೇಬರ ಮನಸ್ಸು ಕರಗಿತು. ತಲೆಯ ಮೇಲೆದ್ದ ಬುಗುಟು ಉಜ್ಜಿಕೊಳ್ಳುತ್ತಾ ಎದ್ದು ನಿಂತು, ದಾನಶೂರನ ಗತ್ತಿನಲ್ಲಿ ಹೇಳಿದರು.

"ಅಳಬೇಡಿಮ್ಮ. ಹೋಗಿದ್ದು ನಕಲು ತಾನೇ? ನಮ್ಮನೇಲಿ ಅಸಲಿ ಆರಿದೆ. ನಾಳೇನೇ ಒಂದು ಕಳಿಸ್ತೀನಿ."

"ಆರಿಲ್ಲ ಸರ್" ಎಂದರು ಡ್ರೈವರಪ್ಪ, ಟಾರ್ಚ್ ಆರಿಸುತ್ತಾ.

"ನಮ್ಮನೇಲಿ ಎಷ್ಟಿದೆ ಅಂತ ನಿಮಗೇನ್ರೀ ಗೊತ್ತು?"

"ಈಗ ಐದು ಸರ್."

ಸಾಹೇಬರಿಗೆ ತಲೆಬುಡ ತಿಳಿಯಲಿಲ್ಲ. ಮಗಳು ಬಗ್ಗಿ ಕಪ್ಪಿನ ತಳದ ಚೂರನ್ನು ಎತ್ತಿ ಅವರ ಅಂಗೈ ಮೇಲಿಟ್ಟಳು. ಎರಡು ನೀಲಿ ಕತ್ತಿ, ಅಡ್ಡಡ್ಡ. ಪಕ್ಕದಲ್ಲಿ ಅಂಟಿಸಿದ ಒಂದು ಪುಟ್ಟ ಚೀಟಿ. ಚೀಟಿಯಲ್ಲಿ ಹಸಿರು ಇಂಕಿನಲ್ಲಿ, ತಮ್ಮದೇ ದುಂಡು ಅಕ್ಷರದಲ್ಲಿ: 'ನಂ. ೪೧ — ಪರೀಕ್ಷಿಸಿದೆ — ಅಪ್ಪಟ ಅಸಲಿ.' ಕೆಳಗೆ ಸಹಿ.

"ಇದು ನಂದು" ಎಂದರು ಸಾಹೇಬರು.

ಟೈಲರಮ್ಮ ಸೆರಗಲ್ಲಿ ಮೂಗು ಒರೆಸಿಕೊಂಡರು. "ನಾನೇ ಕೇಳಿದ್ದು ಅಣ್ಣಾ. ನೀವು ಕಪ್ ನೋಡಿ ಮನೆ ಅಳೀತೀರಿ ಅಂದ್ರು. ನಮ್ಮನೇಲಿ ಇರೋದು ನಾಲ್ಕು ಕಪ್, ನಾಲ್ಕೂ ನಾಲ್ಕು ಥರ. ಒಂದಕ್ಕೆ ಹಿಡಿಕೇನೂ ಇಲ್ಲ. ಒಂದು ಕಪ್ಪಿನಿಂದ ಮಕ್ಕಳ ಮದುವೆ ನಿಲ್ಲಬಾರದು ಅಂತ ಅಕ್ಕನ ಹತ್ರ ಬೇಡ್ಕೊಂಡೆ. ಮೂರು ದಿನದಿಂದ ಇವನ್ನ ಕಾಯ್ಕೊಂಡು ನಿದ್ದೆ ಮಾಡಿಲ್ಲ."

ಸಾಹೇಬರಿಗೆ ನಾಚಿಕೆಯಾಯಿತು. ನಿಜವಾದ ನಾಚಿಕೆ, ಕಿವಿ ಬಿಸಿಯಾಗುವಂಥದ್ದು. ಖೋಟಾ ತೂಕ ಇಟ್ಟ ಅಂಗಡಿಯವರು ತಮ್ಮನ್ನು ಕಂಡು ಹೆದರುವುದು ಅವರಿಗೆ ಅಭ್ಯಾಸವಾಗಿತ್ತು. ಏನೂ ತಪ್ಪು ಮಾಡದ ಹೆಂಗಸೊಬ್ಬಳು ತನ್ನ ಮನೆಯ ಟೀ ಕಪ್ಪಿಗೆ ಹೆದರಿ ಮೂರು ದಿನ ನಿದ್ದೆಗೆಟ್ಟಿದ್ದು ಇದೇ ಮೊದಲು ಗೊತ್ತಾದದ್ದು.

ಮಗಳ ಕಡೆ ತಿರುಗಿದರು. "ಅಲ್ಲಾ, ನಾನು ಗುರುತು ಹಿಡಿದುಬಿಟ್ಟಿದ್ದರೆ ಏನು ಮಾಡ್ತಿದ್ದೆ? ಎಷ್ಟು ಧೈರ್ಯ ನಿನಗೆ?"

"ಧೈರ್ಯ ಏನು ಬಂತಪ್ಪ? ನೀವು ಇವನ್ನ ಯಾವತ್ತು ಮೇಲಿಂದ ನೋಡಿದೀರಿ?"

ಸಾಹೇಬರು ಕೂತರು. ಟೈಲರಮ್ಮ ಒಳಗೆ ಹೋಗಿ ಬೇರೆ ಟೀ ತಂದರು, ತಮ್ಮ ಮನೆಯ ದಪ್ಪ ಕಪ್ಪಿನಲ್ಲಿ. ಹಿಡಿಕೆ ಇಲ್ಲದ್ದೇ ಸಾಹೇಬರ ಪಾಲಿಗೆ ಬಂತು. ಬೇಕೆಂದೇ ಕೊಟ್ಟರೋ ಏನೋ. ಬೆರಳು ಸುಡುತ್ತಿತ್ತು. ಸಾಹೇಬರು ಎರಡು ಕೈಯಲ್ಲೂ ಹಿಡಿದು ಕೊನೆಯ ಗುಟುಕಿನವರೆಗೆ ಕುಡಿದರು. ತಳ ನೋಡಲಿಲ್ಲ.

"ಟೀ ಚೆನ್ನಾಗಿದೆ ತಾಯಿ" ಎಂದರು. "ನಾನು ಮನೆ ನೋಡೋಕೆ ಅಂತ ಬಂದೆ. ಈಗ ನೀವು ಹೇಳಿ, ನಮ್ಮನೆ ನಿಮಗೆ ಒಪ್ಪಿಗೆಯಾ?"

ಟೈಲರಮ್ಮ ಗಂಡನ ಮುಖ ನೋಡಿದರು, ಆಮೇಲೆ ಮಗನದು. "ಹುಡುಗಿ ಒಪ್ಪಿಗೆ. ಅಕ್ಕ ಹೋದ ತಿಂಗಳೇ ಒಪ್ಪಿಗೆ. ನಿಮ್ಮದೊಂದೇ ಯೋಚನೆ ಇತ್ತು ಅಣ್ಣಾ. ಹಿಡಿಕೆ ಇಲ್ಲದ ಕಪ್ಪಲ್ಲಿ ಪೂರ್ತಿ ಕುಡಿದ್ರಲ್ಲ, ನೀವೂ ಒಪ್ಪಿಗೆ."

ಎಲ್ಲರೂ ನಕ್ಕರು. ಮಗಳು ಮಾತ್ರ ನಗದೆ ಅಪ್ಪನ ಪಕ್ಕ ಬಂದು ಕೂತು, ತಲೆಯ ಬುಗುಟಿನ ಮೇಲೆ ಒದ್ದೆ ಬಟ್ಟೆ ಇಟ್ಟಳು.

ಹುಡುಗ ಬುಟ್ಟಿಯಿಂದ ಆ ಬದುಕುಳಿದ ಸಾಸರನ್ನು ತೆಗೆದು, ಒರೆಸಿ, ಸಾಹೇಬರ ಕೈಗೆ ಕೊಟ್ಟ. ಸಾಹೇಬರು ಅದನ್ನು ಮೊದಲ ಸಲ ಮೇಲ್ಮುಖವಾಗಿ ಹಿಡಿದುಕೊಂಡು ನೋಡಿದರು. ನಟ್ಟನಡುವೆ ಒಂದು ನದಿ, ದಂಡೆಯಲ್ಲೊಂದು ಪುಟ್ಟ ಮನೆ, ಕಿಟಕಿಯಲ್ಲಿ ಕೆನ್ನೆಗೆ ಕೈಕೊಟ್ಟು ಕೂತ ಹೆಂಗಸು. ಉಗುರಿನಷ್ಟೇ ಇದ್ದರೂ ಅವಳ ಮುಖದ ಬೇಸರ ಕೂಡ ಕಾಣುತ್ತಿತ್ತು. ಎಷ್ಟು ಚೆಂದ ಇದೆಯಲ್ಲ ಎಂದು ಸಾಹೇಬರು ಸಾಸರನ್ನು ಕಣ್ಣಿನ ಹತ್ತಿರ ತಂದರು.

"ಇದರಲ್ಲಿ ಒಬ್ಬಳು ಹೆಂಗಸಿದಾಳೆ ಕಣೇ" ಎಂದರು ಹೆಂಡತಿಗೆ, ಆಶ್ಚರ್ಯದಿಂದ.

"ಗೊತ್ತು. ಹದಿನೆಂಟು ವರ್ಷದಿಂದ ಅವಳ ಮುಖ ಒರೆಸ್ತಾ ಇದೀನಿ."

"ಯಾರಿಗೋ ಕಾಯ್ತಾ ಇರೋ ಹಾಗಿದೆ."

"ಗಂಡನಿಗೆ."

"ಎಲ್ಲಿಗೆ ಹೋಗಿದಾನೆ ಅವನು?"

ಹೆಂಡತಿ ಟೀ ಕುಡಿದು ಮುಗಿಸಿ ಕಪ್ ಕೆಳಗಿಟ್ಟಳು. "ಮುದ್ರೆ ನೋಡ್ಕೊಂಡು ಬರ್ತೀನಿ ಅಂತ ತಳಕ್ಕೆ ಹೋದವನು ಇನ್ನೂ ಮೇಲೆ ಬಂದಿಲ್ಲ."